ದೋಸೆ ಕಾವಲಿ, 37 ಮ್ಯಾಗ್ನೆಟ್ ಮತ್ತು ಲೋಹದ ಮೇಲೆ ತಿರುಗುವ ಅಣುಗಳು

ಪರದೆ ಮೇಲೆ ಪಟ್ಟೆ ಬಂತು. ಬರಬಾರದಿತ್ತು.

ಒಂದು ಸಾಲಿನ ಬಾಣಗಳೆಲ್ಲ ಬಲಕ್ಕೆ, ಪಕ್ಕದ ಸಾಲಿನವೆಲ್ಲ ಎಡಕ್ಕೆ, ಅದರ ಪಕ್ಕದ್ದು ಮತ್ತೆ ಬಲಕ್ಕೆ. ಜಮಖಾನೆ ಹಾಸಿದ ಹಾಗೆ ನೀಟಾಗಿತ್ತು. ಒಂದೊಂದು ಬಾಣವೂ ಒಂದು ಡೈಪೋಲ್, ಅಂದರೆ ಒಂದು ತುದಿ ಧನ, ಇನ್ನೊಂದು ಋಣ ಇರುವ ಅಣು. ಆದರೆ ತ್ರಿಕೋನ ಜಾಲದಲ್ಲಿ ಮಲಗಿರುವ ಡೈಪೋಲ್‌ಗಳನ್ನು ತಣ್ಣಗೆ ಮಾಡಿದರೆ ಎಲ್ಲವೂ ಒಂದೇ ಕಡೆ ಮುಖ ಮಾಡಬೇಕು, ಇದು ಹಳೆಯ ಲೆಕ್ಕ, ಯಾರೋ ಆಗಲೇ ಮಾಡಿಟ್ಟಿರುವುದು. ನನ್ನ ಪ್ರೋಗ್ರಾಮ್ ಮಾತ್ರ ಎಷ್ಟು ಸಲ ಓಡಿಸಿದರೂ ಪಟ್ಟೆನೇ ಹಾಕುತ್ತಿತ್ತು. ಆ ಪಟ್ಟೆಯ ಹಿಂದೆ ಬಿದ್ದು ಕೊನೆಗೆ ಅಮ್ಮನ ದೋಸೆ ಕಾವಲಿಯನ್ನು ಮೇಜಿನ ಮೇಲೆ ತಂದಿಟ್ಟುಕೊಂಡೆ. ಅಲ್ಲಿಗೆ ಹೇಗೆ ತಲುಪಿದೆ ಅನ್ನೋದನ್ನು ಬರೆದಿಡುತ್ತಿದ್ದೇನೆ, ಯಾಕೆಂದರೆ ಮಧ್ಯದಲ್ಲಿ ಮಾಡಿದ ತಪ್ಪುಗಳೇ ಜಾಸ್ತಿ ಕಲಿಸಿದವು.

ಮೊದಲು ವಿಷಯ ಏನು ಅಂತ. ಚಿನ್ನ ಅಥವಾ ತಾಮ್ರದ ತುಂಬ ನುಣುಪಾದ ಮೇಲ್ಮೈ ಮೇಲೆ, ಪರಮಾಣುಗಳು ಷಟ್ಕೋನವಾಗಿ ಜೋಡಿಸಿಕೊಂಡಿರುವ 111 ಅನ್ನೋ ಮುಖದ ಮೇಲೆ, ಥಯೋಈಥರ್ ಜಾತಿಯ ಅಣುಗಳನ್ನು ಕೂರಿಸುತ್ತಾರೆ. ಅಣುವಿನ ನಡುವೆ ಒಂದು ಗಂಧಕದ ಪರಮಾಣು, ಎರಡೂ ಕಡೆ ಕಾರ್ಬನ್ ಬಾಲ. ಗಂಧಕ ಲೋಹವನ್ನು ಹಿಡಿದುಕೊಳ್ಳುತ್ತದೆ, ಬಾಲಗಳು ಅದರ ಸುತ್ತ ಫ್ಯಾನ್ ರೆಕ್ಕೆ ಥರ ತಿರುಗುತ್ತವೆ. ಸ್ಕ್ಯಾನಿಂಗ್ ಟನೆಲಿಂಗ್ ಮೈಕ್ರೋಸ್ಕೋಪಿನಲ್ಲಿ (ಚೂಪಾದ ಲೋಹದ ಮೊನೆಯನ್ನು ಮೇಲ್ಮೈಗೆ ತೀರಾ ಹತ್ತಿರ ಓಡಿಸಿ ಚಿತ್ರ ತೆಗೆಯುವ ಯಂತ್ರ) ನೋಡಿದರೆ, ತುಂಬ ತಣ್ಣಗಿದ್ದಾಗ ಸುಮ್ನೆ ಒಂದು ಕಡ್ಡಿ. ತಿರುಗಲು ಶುರುವಾದರೆ ಆರು ಎಸಳಿನ ಹೂವು, ಯಾಕೆಂದರೆ ಕೆಳಗಿನ ಲೋಹ ಆರು ದಿಕ್ಕುಗಳಲ್ಲಿ ಮಾತ್ರ ನಿಲ್ಲಲು ಜಾಗ ಕೊಡುತ್ತದೆ. 1998ರಲ್ಲಿ ಗಿಮ್ಜೆವ್‌ಸ್ಕಿ ತಂಡ ತಾಮ್ರದ ಮೇಲೆ ಒಂದೇ ಒಂದು ಅಣು ತನ್ನ ಜೊತೆಯವುಗಳ ಮಧ್ಯೆ ಬೇರಿಂಗಿನಲ್ಲಿ ಇದ್ದಂತೆ ತಿರುಗುವುದನ್ನು ತೋರಿಸಿತು. 2011ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಚಾರ್ಲ್ಸ್ ಸೈಕ್ಸ್ ತಂಡ ಬ್ಯೂಟೈಲ್ ಮೀಥೈಲ್ ಸಲ್ಫೈಡ್ ಅನ್ನೋ ಅಣುವಿಗೆ ಮೈಕ್ರೋಸ್ಕೋಪಿನ ಮೊನೆಯಿಂದ ಎಲೆಕ್ಟ್ರಾನ್ ಕೊಟ್ಟು, ಸುಮಾರು 5 ಕೆಲ್ವಿನ್‌ನಲ್ಲಿ, ಒಂದೇ ಅಣುವಿನ ವಿದ್ಯುತ್ ಮೋಟರ್ ಮಾಡಿತು. ಒಂದು ಕಡೆ ಒಂದು ಕಾರ್ಬನ್, ಇನ್ನೊಂದು ಕಡೆ ನಾಲ್ಕು. ಕುಂಟು ಫ್ಯಾನ್.

ಒಂದು ಅಣು ತಿರುಗುತ್ತೆ, ಸರಿ. ನೂರಾರು ಅಣು ಪಕ್ಕಪಕ್ಕ ಕೂತಾಗ ಒಂದರ ಮಾತು ಇನ್ನೊಂದು ಕೇಳುತ್ತಾ? ನನ್ನ ಕುತೂಹಲ ಅಲ್ಲಿ.

ಲೆಕ್ಕ ದೊಡ್ಡದಲ್ಲ. ಪ್ರತಿ ಅಣುವಿಗೂ ಒಂದು ಡೈಪೋಲ್ ಇದೆ ಅಂದುಕೊಳ್ಳಿ, ಒಂದು ತುದಿ ಸ್ವಲ್ಪ ಧನ, ಇನ್ನೊಂದು ಸ್ವಲ್ಪ ಋಣ. ಡೈಪೋಲ್ ಎಷ್ಟು ಬಲವಾಗಿದೆ ಅಂತ ಅಳೆಯುವ ಮಾನ ಡಿಬೈ, 1 ಡಿಬೈ ಅಂದರೆ 3.34 × 10⁻³⁰ ಕೂಲಂಬ್ ಮೀಟರ್. ಅಂಥ ಎರಡು ಡೈಪೋಲ್ 1 ನ್ಯಾನೊಮೀಟರ್ ದೂರದಲ್ಲಿದ್ದರೆ ಅವುಗಳ ನಡುವಿನ ಶಕ್ತಿಯ ಅಳತೆ ಸರಿಯಾಗಿ 10⁻²² ಜೂಲ್ ಬರುತ್ತೆ. ಉಷ್ಣತೆಗೆ ತಿರುಗಿಸಿದರೆ 7.2 ಕೆಲ್ವಿನ್. ಈ ಸಂಖ್ಯೆ ನೆನಪಿಟ್ಟುಕೊಂಡರೆ ಬಾಕಿ ಎಲ್ಲ ಗುಣಾಕಾರ ಅಷ್ಟೇ: 2 ಡಿಬೈ ಆದರೆ ನಾಲ್ಕು ಪಟ್ಟು, ದೂರ ಇಮ್ಮಡಿಯಾದರೆ ಎಂಟನೇ ಒಂದು ಭಾಗ. ರೈಲು ಡಬ್ಬಿ ಥರ ಒಂದರ ಹಿಂದೆ ಒಂದು ನಿಂತರೆ ಶಕ್ತಿ ಈ ಅಳತೆಯ ಎರಡು ಪಟ್ಟು ಕಡಿಮೆಯಾಗುತ್ತದೆ. ಪಕ್ಕಪಕ್ಕ ಒಂದೇ ಕಡೆ ಮುಖ ಮಾಡಿ ನಿಂತರೆ ಒಂದು ಪಟ್ಟು ಹೆಚ್ಚುತ್ತದೆ. ಅಂದರೆ ಸಾಲಿನಲ್ಲಿ ದೋಸ್ತಿ, ಪಕ್ಕದಲ್ಲಿ ಜಗಳ. ಮಧ್ಯದ ಕೋನಗಳಿಗೆ 1 − 3 ಕಾಸ್² ಅನ್ನೋ ಸೂತ್ರ. 54.7 ಡಿಗ್ರಿಯಲ್ಲಿ ಅದು ಸೊನ್ನೆ. ಅದಕ್ಕಿಂತ ಒಳಗಿರುವ ನೆರೆಯವನ ಜೊತೆ ಒಂದೇ ದಿಕ್ಕು ಲಾಭ, ಹೊರಗಿದ್ದರೆ ನಷ್ಟ.

ಪೈಥಾನ್‌ನಲ್ಲಿ 24 × 24, ಒಟ್ಟು 576 ಅಣುಗಳ ತ್ರಿಕೋನ ಜಾಲ ಮಾಡಿದೆ. ಬಲದ ಅಂಚು ದಾಟಿದರೆ ಎಡದಿಂದ ಒಳಗೆ ಬರುವ ಹಾಗೆ. ಮಾಂಟೆ ಕಾರ್ಲೊ ವಿಧಾನ: ಒಂದು ಅಣುವನ್ನು ಕಣ್ಣುಮುಚ್ಚಿ ಆರಿಸು, ಸುಮ್ನೆ ಬೇರೆ ಕೋನಕ್ಕೆ ತಿರುಗಿಸಿ ನೋಡು, ಶಕ್ತಿ ಇಳಿದರೆ ಇಟ್ಟುಕೊ, ಏರಿದರೆ ಉಷ್ಣತೆ ನೋಡಿ ಕೆಲವು ಸಲ ಮಾತ್ರ ಒಪ್ಪಿಕೊ. 40 ಕೆಲ್ವಿನ್‌ನಿಂದ ಶುರು ಮಾಡಿ 1 ಕೆಲ್ವಿನ್‌ವರೆಗೆ ನಿಧಾನಕ್ಕೆ ಇಳಿಸುವುದು. ಹಳೆ ಲ್ಯಾಪ್‌ಟಾಪ್, ಅದಕ್ಕೆ ಕಷ್ಟ ಆಗಬಾರದು ಅಂತ ಪ್ರತಿ ಅಣುವಿಗೂ ಅಕ್ಕಪಕ್ಕದ 6 ನೆರೆಯವರನ್ನು ಮಾತ್ರ ಲೆಕ್ಕಕ್ಕೆ ಹಿಡಿದೆ. ದೂರದವರ ಪ್ರಭಾವ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದಲ್ಲ, ಬಿಟ್ಟರೆ ಏನು ಹೋಗುತ್ತೆ?

ಎಲ್ಲ ಹೋಗುತ್ತೆ.

ಎರಡು ದಿನ ಮೈನಸ್ ಚಿಹ್ನೆ ಎಲ್ಲಿ ತಪ್ಪಿದೆ ಅಂತ ಹುಡುಕಿದೆ. ತಪ್ಪಿರಲಿಲ್ಲ. ಮೂರನೇ ದಿನ ಪ್ರೋಗ್ರಾಮ್ ಮುಚ್ಚಿ ಕಾಗದ ಪೆನ್ನು ತಗೊಂಡು, ಪಟ್ಟೆ ಜೋಡಣೆಗೆ ಎಷ್ಟು ಶಕ್ತಿ, ಎಲ್ಲ ಒಂದೇ ದಿಕ್ಕಿಗಿದ್ದರೆ ಎಷ್ಟು, ಅಂತ ಸುತ್ತು ಸುತ್ತಾಗಿ ಕೂಡಿದೆ. ಮೊದಲ ಸುತ್ತಿನ 6 ನೆರೆಯವರು ಮಾತ್ರ ಇದ್ದರೆ ಪಟ್ಟೆಗೆ ಒಂದು ಅಣುವಿಗೆ, ಮೇಲೆ ಹೇಳಿದ ಅಳತೆಯಲ್ಲಿ, −2.5, ಒಂದೇ ದಿಕ್ಕಿಗೆ −1.5. ಶಕ್ತಿ ಯಾವುದಕ್ಕೆ ಕಡಿಮೆಯೋ ಅದು ಗೆದ್ದ ಹಾಗೆ. ಪಟ್ಟೆ ಸಲೀಸಾಗಿ ಗೆಲ್ಲುತ್ತದೆ, ಪ್ರೋಗ್ರಾಮ್ ಹೇಳಿದ್ದು ಸರಿಯೇ. ಎರಡನೇ ಸುತ್ತು ಸೇರಿಸಿದರೆ −1.83 ಮತ್ತು −1.79, ಪಟ್ಟೆ ಕೂದಲೆಳೆಯಷ್ಟು ಮುಂದೆ. ಮೂರನೇ ಸುತ್ತು ಎರಡಕ್ಕೂ ಸಮಸಮ ಕೊಡುತ್ತದೆ, ಅಂತರ ಹಾಗೇ ಉಳಿಯುತ್ತದೆ. ನಾಲ್ಕನೇ ಸುತ್ತಿನಲ್ಲಿ, ಅಂದರೆ ಅಂತರದ 2.65 ಪಟ್ಟು ದೂರದಲ್ಲಿರುವ 12 ಅಣುಗಳು ಬಂದಾಗ, ಪಟ್ಟೆ −2.01, ಒಂದೇ ದಿಕ್ಕು −2.14. ಅಲ್ಲಿ ಫಲಿತಾಂಶ ಉಲ್ಟಾ ಆಯಿತು! ಎಲ್ಲರನ್ನೂ ಕೂಡಿದರೆ −2.05 ಎದುರು −2.76, ಇನ್ನು ಮಾತೇ ಇಲ್ಲ.

ಕಾರಣ ನೋಡಿದರೆ ಸರಳ. ಪಕ್ಕದ ಸಾಲಿನಲ್ಲಿ ನನಗೆ ಹತ್ತಿರದ ಇಬ್ಬರು 60 ಡಿಗ್ರಿಯಲ್ಲಿ ಕೂತಿದ್ದಾರೆ. 60 ಅನ್ನೋದು 54.7ಕ್ಕಿಂತ ಸ್ವಲ್ಪ ಹೊರಗೆ, ಆದ್ದರಿಂದ ಅವರು "ನನಗೆ ಉಲ್ಟಾ ನಿಲ್ಲು" ಅನ್ನುತ್ತಾರೆ. ಅದೇ ಸಾಲಿನಲ್ಲಿ ಇನ್ನೊಂದು ಹೆಜ್ಜೆ ಮುಂದಿರುವವರು 30 ಡಿಗ್ರಿಯಲ್ಲಿ, ಅವರಿಂದಾಚೆಯವರು ಇನ್ನೂ ಕಡಿಮೆ ಕೋನದಲ್ಲಿ, ಅವರೆಲ್ಲ "ನನ್ನ ಹಾಗೇ ನಿಲ್ಲು" ಅನ್ನುತ್ತಾರೆ. ಒಬ್ಬೊಬ್ಬರ ದನಿ ಸಣ್ಣದು, ತಲೆ ಎಣಿಸಿದರೆ ಅವರೇ ಜಾಸ್ತಿ. ನಾನು ಮತಗಟ್ಟೆಗೆ ಹತ್ತಿರದ ಮನೆಯವರ ಓಟು ಮಾತ್ರ ಎಣಿಸಿ ಫಲಿತಾಂಶ ಘೋಷಿಸಿದ್ದೆ.

ಎಲ್ಲ ದೂರದ ಕೊಡುಗೆಯನ್ನು ಮೊದಲೇ ಕೂಡಿ ಒಂದು ಕೋಷ್ಟಕದಲ್ಲಿ ಇಟ್ಟುಕೊಂಡೆ. ಜಾಲ ಎಲ್ಲೆಡೆ ಒಂದೇ ಥರ ಇರುವುದರಿಂದ 576 ಜಾಗಕ್ಕೆ ಮೂರು ಮೂರು ಸಂಖ್ಯೆ ಸಾಕು, ಪೆಟ್ಟಿಗೆಯ ನಕಲುಗಳನ್ನು ಸುತ್ತಲೂ ಹತ್ತು ಹತ್ತು ಸಲ ಕೂಡಿಬಿಟ್ಟರೆ ಆಯಿತು. ಎರಡು ಆಯಾಮದಲ್ಲಿ ಈ ಮೊತ್ತ ಚೆನ್ನಾಗಿ ಒಂದು ಬೆಲೆಗೆ ಬಂದು ನಿಲ್ಲುತ್ತದೆ, ಮೂರು ಆಯಾಮದ ಹಾಗೆ ಗಡಿ ಯಾವ ಆಕಾರದಲ್ಲಿದೆ ಅನ್ನೋ ರಗಳೆ ಇಲ್ಲ. ಪೈಥಾನಿನ ಲೆಕ್ಕದ ಲೈಬ್ರರಿ ನಂಪೈ ಒಂದು ಏಟಿಗೆ ಮಾಡಿ ಮುಗಿಸಿತು. ಪಟ್ಟೆ ಹೋಯಿತು, ಬಾಣಗಳೆಲ್ಲ ಒಂದೇ ಕಡೆ ತಿರುಗಿದವು. ಯಾವ ಕಡೆ ಅನ್ನೋದು ಮಾತ್ರ ಪ್ರತಿ ಸಲ ಬೇರೆ, ಯಾಕೆಂದರೆ ಈ ಜಾಲಕ್ಕೆ ಎಲ್ಲ ದಿಕ್ಕೂ ಒಂದೇ ಬೆಲೆ.

ಇಲ್ಲಿಗೆ ಮುಗಿಸಬಹುದಿತ್ತು. ಊಟ ಮಾಡುತ್ತಾ ಇದ್ದಾಗ ಹೊಳೆಯಿತು, ಲೋಹ ಎಲ್ಲಿ? ನಾನು ಮಾಡಿದ್ದು ಗಾಳಿಯಲ್ಲಿ ತೇಲುವ ಅಣುಗಳ ಲೆಕ್ಕ. ಕೆಳಗೆ ಚಿನ್ನ ಇದೆ. ಲೋಹದ ಮುಂದೆ ಒಂದು ವಿದ್ಯುದಂಶ ಇಟ್ಟರೆ ಕನ್ನಡಿಯಲ್ಲಿ ಕಂಡಂತೆ ಒಳಗೆ ಅದರ ಉಲ್ಟಾ ಪ್ರತಿಬಿಂಬ ಇರುವ ಹಾಗೆ ಲೋಹ ವರ್ತಿಸುತ್ತದೆ. ಮಲಗಿರುವ ಡೈಪೋಲ್‌ಗೆ ಕೆಳಗೆ ಅದರ ವಿರುದ್ಧ ದಿಕ್ಕಿಗೆ ಮಲಗಿದ ಇನ್ನೊಂದು ಡೈಪೋಲ್. ದೂರದಿಂದ ನೋಡುವವರಿಗೆ ಎರಡೂ ಸೇರಿ ಹೆಚ್ಚುಕಮ್ಮಿ ವಜಾ. ಪ್ರಭಾವ ದೂರದ ಘನದ ಬದಲು ಐದನೇ ಘಾತಕ್ಕೆ ತಕ್ಕಂತೆ ಕುಗ್ಗುತ್ತದೆ.

ಹಾಗಾದರೆ ದೂರದವರ ಓಟು ರದ್ದು, ಪಟ್ಟೆ ವಾಪಸ್ ಬರಬೇಕು ಅಲ್ವಾ? ನಾನೂ ಹಾಗೇ ಅಂದುಕೊಂಡೆ. ನಾಳೆ ಓಡಿಸಿ ಪಟ್ಟೆ ನೋಡೋಣ ಅಂತ ಮಲಗಿದೆ.

ಬರಲಿಲ್ಲ. ಪ್ರತಿಬಿಂಬ ಸೇರಿಸಿ, ಬೇಕಂತಲೇ ಹಳೆಯ ಹಾಗೆ 6 ನೆರೆಯವರನ್ನು ಮಾತ್ರ ಇಟ್ಟು ಓಡಿಸಿದರೂ ಎಲ್ಲ ಒಂದೇ ದಿಕ್ಕಿಗೆ ನಿಂತವು! ಪಟ್ಟೆ −1.17, ಒಂದೇ ದಿಕ್ಕು −1.31. ಇದು ಅಣುಗಳ ನಡುವೆ 1 ನ್ಯಾನೊಮೀಟರ್, ಲೋಹದಿಂದ ಎತ್ತರ 0.3 ನ್ಯಾನೊಮೀಟರ್ ಅಂತ ಹಿಡಿದಾಗ. ಮತ್ತೆ ಕಾಗದ ಪೆನ್ನು. ಅಣು ಲೋಹಕ್ಕೆ ತುಂಬ ಹತ್ತಿರ ಇದ್ದರೆ 1 − 3 ಕಾಸ್² ಅನ್ನೋದು 1 − 5 ಕಾಸ್² ಆಗಿಬಿಡುತ್ತದೆ. ಅದು ಸೊನ್ನೆಯಾಗುವುದು 54.7ರಲ್ಲಿ ಅಲ್ಲ, 63.4 ಡಿಗ್ರಿಯಲ್ಲಿ. ನಮ್ಮ 60 ಡಿಗ್ರಿ ನೆರೆಯವನು ಈ ಎರಡರ ಮಧ್ಯೆ ಕೂತಿದ್ದಾನೆ! ಲೋಹ ಇಲ್ಲದಾಗ ಗೆರೆಯ ಆಚೆ, ಲೋಹ ಬಂದಾಗ ಗೆರೆಯ ಈಚೆ. ಅವನು ಜಾಗ ಬಿಟ್ಟು ಕದಲಿಲ್ಲ, ಗೆರೆಯೇ ಅವನನ್ನು ದಾಟಿ ಹೋಯಿತು. ಎತ್ತರ ಅಂತರದ 0.42 ಪಟ್ಟಿಗಿಂತ ಕಡಿಮೆ ಆದ ಕೂಡಲೇ ಹತ್ತಿರದ ನೆರೆಯವನೂ "ನನ್ನ ಹಾಗೇ ನಿಲ್ಲು" ಅನ್ನುವ ಪಾರ್ಟಿಗೆ ಸೇರುತ್ತಾನೆ.

ಈ ಲೆಕ್ಕವನ್ನು ಮೂರು ಸಲ ಮಾಡಿದೆ, ಮೂರು ಸಲವೂ ಒಂದೇ ಬಂತು, ಆದರೂ ಮನಸ್ಸು ಒಪ್ಪಲಿಲ್ಲ. ಕೈಯಲ್ಲಿ ಹಿಡಿದು ನೋಡಬೇಕು ಅನಿಸಿತು. ಚಿನ್ನದ ಮೇಲಿನ ಅಣು ನನ್ನ ಕೈಗೆ ಸಿಗಲ್ಲ. ಮ್ಯಾಗ್ನೆಟ್ ಸಿಗುತ್ತೆ. ಮ್ಯಾಗ್ನೆಟ್‌ಗಳ ನಡುವಿನ ಸೂತ್ರವೂ ಅದೇ 1 − 3 ಕಾಸ್². ಇನ್ನೂ ಅನುಕೂಲದ ಮಾತು ಏನೆಂದರೆ, ಲೋಹ ವಿದ್ಯುತ್ ಕ್ಷೇತ್ರವನ್ನು ತನ್ನ ಮೈಗೆ ನೆಟ್ಟಗೆ ನಿಲ್ಲಿಸುವ ಹಾಗೆ, ಮೆದು ಕಬ್ಬಿಣ ಕಾಂತಕ್ಷೇತ್ರವನ್ನು ಹೆಚ್ಚುಕಮ್ಮಿ ನೆಟ್ಟಗೆ ನಿಲ್ಲಿಸುತ್ತದೆ. ಪ್ರತಿಬಿಂಬವೂ ಅದೇ ಥರ ಉಲ್ಟಾ. ಚಿನ್ನದ ಬದಲು ಒಂದು ಕಬ್ಬಿಣದ ತಟ್ಟೆ ಸಾಕು. ಪುಟ್ಟ ತಿರುಗುವ ಮ್ಯಾಗ್ನೆಟ್‌ಗಳನ್ನು ಸಾಲಾಗಿಟ್ಟು ನೋಡುವುದು ನನ್ನ ಐಡಿಯಾ ಏನಲ್ಲ. 1890ರಲ್ಲೇ ಜೇಮ್ಸ್ ಆಲ್ಫ್ರೆಡ್ ಯೂಯಿಂಗ್ ಕಬ್ಬಿಣ ಹೇಗೆ ಕಾಂತವಾಗುತ್ತದೆ ಅಂತ ತೋರಿಸಲು ಹೀಗೇ ಮಾಡಿದ್ದರು.

ಸಾಮಾನು: 3 ಮಿ.ಮೀ. ದಪ್ಪ, 5 ಮಿ.ಮೀ. ಉದ್ದದ ನಿಯೋಡಿಮಿಯಂ ಕಡ್ಡಿಗಳು, 3 ಮಿ.ಮೀ. ಸನ್‌ಬೋರ್ಡ್, ಹಿತ್ತಾಳೆ ಮೊಳೆ, ರವಿಕೆಗೆ ಹೊಲಿಯುವ ಟಿಚ್ ಬಟನ್, ಹಳೆ ಟ್ರಾನ್ಸ್‌ಫಾರ್ಮರ್ ಬಿಚ್ಚಿ ತೆಗೆದ ತಾಮ್ರದ ತಂತಿ. ಮೊದಲು ಗುಂಡುಪಿನ್ ಹಾಕಿದ್ದೆ. ದಡ್ಡತನ. ಪಿನ್ ಉಕ್ಕಿನದು, ಮ್ಯಾಗ್ನೆಟ್ ಅದನ್ನೇ ಅಪ್ಪಿಕೊಂಡು ಕೂತಿತು. ಹಿತ್ತಾಳೆ ಮೊಳೆಯನ್ನು ಅರದಲ್ಲಿ ಉಜ್ಜಿ ಮೊನೆ ಮಾಡಿಕೊಳ್ಳಬೇಕಾಯಿತು, ಒಂದಕ್ಕೆ ಐದು ನಿಮಿಷ. ಟಿಚ್ ಬಟನ್‌ನಲ್ಲೂ ಮೋಸ ಇದೆ, ಕೆಲವು ಒಳಗೆ ಕಬ್ಬಿಣ, ಮೇಲೆ ಮಾತ್ರ ಲೇಪ. ಮ್ಯಾಗ್ನೆಟ್ ಹಿಡಿದು ಒಂದೊಂದೇ ಆರಿಸಿದೆ. ಅರ್ಧಕ್ಕರ್ಧ ಡಬ್ಬಿಗೆ ವಾಪಸ್.

ಬಟನ್‌ನ ಗುಳಿ ಮೊಳೆಯ ಮೊನೆ ಮೇಲೆ ಕೂರುತ್ತದೆ, ಮ್ಯಾಗ್ನೆಟ್ ಬಟನ್‌ನ ತಲೆ ಮೇಲೆ ಫೆವಿಕ್ವಿಕ್‌ನಲ್ಲಿ. ಹಾಗೇ ಬಿಟ್ಟರೆ ಭಾರ ಮೇಲಾಗಿ ಉರುಳಿ ಬೀಳುತ್ತದೆ. ಅದಕ್ಕೆ ಎರಡೂ ಕಡೆ ತಾಮ್ರದ ತಂತಿಯನ್ನು ಮೀಸೆ ಥರ ಕೆಳಕ್ಕೆ ಬಗ್ಗಿಸಿ ಇಳಿಬಿಟ್ಟೆ. ತಂತಿ ತುದಿ ಮೊಳೆಯ ಮೊನೆಗಿಂತ 5 ಮಿ.ಮೀ. ಕೆಳಗಿದ್ದರೆ ಸಾಕು, ಹೊಡೆದರೂ ಬೀಳಲ್ಲ. ಒಂದು ಮೀಸೆಗೆ ಕೆಂಪು ನೈಲ್‌ಪಾಲಿಶ್, ಅದು ಉತ್ತರ ತುದಿ. ಮೀಸೆಯ ಅಗಲ 24 ಮಿ.ಮೀ. ಮೀರಬಾರದು, ಯಾಕೆಂದರೆ ಒಂದು ಮೊಳೆಯಿಂದ ಇನ್ನೊಂದಕ್ಕೆ 30 ಮಿ.ಮೀ. ಇಟ್ಟಿದ್ದೆ, ಅಕ್ಕಪಕ್ಕದ ಮೀಸೆಗಳು ತಗುಲಿದರೆ ಜಡೆ ಹಾಕಿಕೊಳ್ಳುತ್ತವೆ.

ಮೊದಲು ಏಳು ರೋಟರ್ ಮಾತ್ರ ಇಟ್ಟೆ, ಮಧ್ಯೆ ಒಂದು, ಸುತ್ತ ಆರು. ಬೋರ್ಡಿಗೆ ಬೆರಳಲ್ಲಿ ಟಪ್ ಅಂತ ಹೊಡೆದ ಕೂಡಲೇ ಸುತ್ತಲಿನ ಆರೂ ಒಂದರ ಬಾಲ ಒಂದು ಹಿಡಿದು ವೃತ್ತವಾದವು. ಮಧ್ಯದ್ದು ಮಾತ್ರ ಯಾರ ಕಡೆಗೂ ಇಲ್ಲ, ಸಣ್ಣಗೆ ಓಲಾಡುತ್ತಾ ನಿಧಾನಕ್ಕೆ ಒಂದು ಕಡೆ ನಿಂತಿತು. ಬೋರ್ಡನ್ನು ತಿರುಗಿಸಿದೆ. ಸುತ್ತಲಿನ ಆರೂ ಬೋರ್ಡಿನ ಜೊತೆ ತಿರುಗಿದವು, ಮಧ್ಯದ್ದು ಇದ್ದ ದಿಕ್ಕಿಗೇ ಇತ್ತು. ಆರು ಸೂಜಿ ವೃತ್ತವಾಗಿ ನಿಂತಾಗ ನಡುಮಧ್ಯದಲ್ಲಿ ಅವುಗಳ ಕ್ಷೇತ್ರ ಒಂದಕ್ಕೊಂದು ವಜಾ ಆಗಿ ಸೊನ್ನೆಯಾಗುತ್ತದೆ, ಉಳಿಯುವುದು ಭೂಮಿಯದ್ದು ಮಾತ್ರ. ಅಕ್ಕನ ಮಗ ಪಕ್ಕದಲ್ಲಿ ಕೂತು ನೋಡುತ್ತಿದ್ದ. "ಮಾಮ, ಅದೊಂದು ಉತ್ತರ ನೋಡ್ತಾ ಇದೆ, ಬಾಕಿಯವೆಲ್ಲ ಕುಂಟೆಬಿಲ್ಲೆ ಆಡ್ತಾ ಇವೆ" ಅಂದ. ಆಮೇಲೆ ಅರ್ಧ ಗಂಟೆ ಬೋರ್ಡು ಅವನ ಕೈಯಲ್ಲೇ.

ನನಗೆ ಬೇಕಿದ್ದ ಪರೀಕ್ಷೆಗೆ ಏಳೂ ಬೇಕಿರಲಿಲ್ಲ. ಎರಡು ಸಾಕು. ಒಂದು ಮ್ಯಾಗ್ನೆಟನ್ನು ಸಾಲಿನ ದಿಕ್ಕಿಗೇ ಅಂಟಿಸಿ ಕದಲದ ಹಾಗೆ ಮಾಡುವುದು. ಅದರಿಂದ 30 ಮಿ.ಮೀ. ದೂರದಲ್ಲಿ, ಸರಿಯಾಗಿ 60 ಡಿಗ್ರಿಯಲ್ಲಿ, ಒಂದು ತಿರುಗುವ ಸೂಜಿ. ಲೆಕ್ಕದ ಪ್ರಕಾರ ಕಬ್ಬಿಣ ಇಲ್ಲದಾಗ ಅದು 101 ಡಿಗ್ರಿಗೆ ನಿಲ್ಲಬೇಕು, ಅಂದರೆ ಅಡ್ಡಕ್ಕಿಂತ 11 ಡಿಗ್ರಿ ಹಿಂದಕ್ಕೆ ವಾಲಿ. ಕಬ್ಬಿಣ ಕೆಳಗೆ 20 ಮಿ.ಮೀ.ನಲ್ಲಿದ್ದರೆ 94, 15ರಲ್ಲಿ 92, 10ರಲ್ಲಿ 88. ಸರಿಯಾಗಿ 90 ದಾಟುವುದು 12.7 ಮಿ.ಮೀ.ನಲ್ಲಿ. 90ರ ಆಚೆ ಇದ್ದರೆ ನೆರೆಯವನು ಉಲ್ಟಾ ಪಾರ್ಟಿ, ಈಚೆ ಇದ್ದರೆ ನಮ್ಮ ಪಾರ್ಟಿ. ಕೋನಮಾಪಕದ ಚಿತ್ರ ಪ್ರಿಂಟ್ ತೆಗೆದು ಸೂಜಿ ಕೆಳಗೆ ಅಂಟಿಸಿದೆ, ಮೇಲಿನಿಂದ ನೆಟ್ಟಗೆ ಮೊಬೈಲ್‌ನಲ್ಲಿ ಫೋಟೊ ತೆಗೆದು ಓದುವುದು.

ಮೊದಲ ಸಲ ಕಬ್ಬಿಣ ಇಲ್ಲದೆ 113 ಬಂತು. ಬೋರ್ಡ್ ಸ್ವಲ್ಪ ತಿರುಗಿಸಿದರೆ 106. ಭೂಮಿಯ ಕಾಟ. ನಮ್ಮ ಕಡೆ ಭೂಮಿಯ ಅಡ್ಡ ಕ್ಷೇತ್ರ ಸುಮಾರು 40 ಮೈಕ್ರೊಟೆಸ್ಲಾ, ನನ್ನ ಅಂಟಿಸಿದ ಮ್ಯಾಗ್ನೆಟ್ ಆ ಜಾಗದಲ್ಲಿ ಕೊಡುವುದು ಲೆಕ್ಕದಲ್ಲಿ 165. ನಾಲ್ಕನೇ ಒಂದು ಭಾಗ ಬೆರಕೆ ಅಂದರೆ ಕಡಿಮೆ ಅಲ್ಲ. ಇದಕ್ಕೆ ಸುಲಭದ ಉಪಾಯ ಇದೆ: ಸೂಜಿ ಹೇಗಿದ್ದರೂ ನಿಲ್ಲುವ ದಿಕ್ಕೇ ಉತ್ತರವಾಗುವ ಹಾಗೆ ಇಡೀ ಬೋರ್ಡನ್ನು ತಿರುಗಿಸಿಡುವುದು. ಆಗ ಭೂಮಿ ಸೂಜಿಯನ್ನು ಎಳೆದರೂ ಇರುವ ಕಡೆಗೇ ಎಳೆಯುತ್ತದೆ. ತಿರುಗಿಸಿ, ಸ್ಟೀಲ್ ಬೀರುವಿನಿಂದ ದೂರ ಹಾಲ್‌ನ ಮಧ್ಯೆ ನೆಲದ ಮೇಲಿಟ್ಟೆ. 102.

ಈಗ ಕಬ್ಬಿಣ. ಮನೆಯಲ್ಲಿ ಅಗಲವಾದ, ದಪ್ಪನೆಯ ಕಬ್ಬಿಣ ಅಂದರೆ ದೋಸೆ ಕಾವಲಿ ಒಂದೇ. "ಅದಕ್ಕೆ ಅಂಟುಗಿಂಟು ಮೆತ್ತಿದ್ರೆ ನೋಡು" ಅಂತ ಅಮ್ಮ ಹೇಳಿಯೇ ಕೊಟ್ಟರು. ಸೋಪು ಹಾಕಿ ತೊಳೆಯಬಾರದು ಅನ್ನೋ ಷರತ್ತು ಬೇರೆ. ಎಣ್ಣೆ ಒರೆಸಿ, ಸನ್‌ಬೋರ್ಡಿನ ಕೆಳಗೆ ಜಾರಿಸಿ, ಮ್ಯಾಗ್ನೆಟ್‌ನಿಂದ 10 ಮಿ.ಮೀ. ಇರುವ ಹಾಗೆ ರಟ್ಟು ಕೊಟ್ಟು ನೋಡಿದೆ: 80 ಡಿಗ್ರಿ. ಖುಷಿಯಾಯಿತು, ಆದರೆ ಜಾಸ್ತಿಯೇ ವಾಲಿದೆಯಲ್ಲ ಅನಿಸಿ ಕಾವಲಿಯನ್ನು ಇದ್ದಲ್ಲೇ ಸ್ವಲ್ಪ ಸ್ವಲ್ಪ ತಿರುಗಿಸಿದೆ. 84, 91, 97, ಮತ್ತೆ ಇಳಿದು 80.

ಕಾವಲಿಯೇ ಮ್ಯಾಗ್ನೆಟ್ ಆಗಿತ್ತು. ಹಿಂದಿನ ದಿನ ಮ್ಯಾಗ್ನೆಟ್‌ಗಳನ್ನು ಚದುರಿ ಹೋಗದಿರಲಿ ಅಂತ ಅದರ ಮೇಲೆಯೇ ಗುಡ್ಡೆ ಹಾಕಿಟ್ಟಿದ್ದು ನಾನೇ. ಒಲೆ ಮೇಲಿಟ್ಟು ಕಾಯಿಸಿದರೆ ಹೋಗುತ್ತಾ ಅಂತ ಯೋಚಿಸಿದೆ, ಕಬ್ಬಿಣ ಕಾಂತತ್ವ ಕಳೆದುಕೊಳ್ಳುವುದು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಷ್ಟು ಕಾದರೆ ದೋಸೆ ಅಲ್ಲ, ಕಾವಲಿಯೇ ಕೆಂಪಾಗುತ್ತದೆ. ಹಳೆ ಡಬ್ಬಾ ಟಿವಿ ರಿಪೇರಿ ಮಾಡುವವರ ಹತ್ತಿರ ಡಿಗಾಸಿಂಗ್ ಕಾಯಿಲ್ ಇರುತ್ತಿತ್ತು, ಪರದೆ ಮೇಲೆ ಬಣ್ಣದ ಕಲೆ ಬಿದ್ದಾಗ ಸುತ್ತಿಸುವುದು. ನಮ್ಮ ಬೀದಿಯ ರಿಪೇರಿಯವರ ಹತ್ತಿರ ಅಟ್ಟದ ಮೇಲೆ ಇನ್ನೂ ಒಂದಿತ್ತು. ಕಾವಲಿ ಕೈಯಲ್ಲಿ ಹಿಡಿದುಕೊಂಡು ಹೋದಾಗ "ಇದರಲ್ಲಿ ಪಿಕ್ಚರ್ ಬರಲ್ಲ ಸಾರ್" ಅಂತ ನಕ್ಕರು. ಕಾಯಿಲ್ ಆನ್ ಮಾಡಿ ಕಾವಲಿ ಮೇಲೆ ಸುತ್ತಿಸುತ್ತಾ ಸುತ್ತಿಸುತ್ತಾ, ಎರಡು ಮೀಟರ್ ಹಿಂದೆ ಹಿಂದೆ ಸರಿದು, ದೂರ ಹೋದ ಮೇಲೆ ಆಫ್. ಹತ್ತಿರದಲ್ಲೇ ಆಫ್ ಮಾಡಿದರೆ ಇನ್ನೊಂದು ಹೊಸ ಗುರುತು ಹೊಡೆಯುತ್ತದೆ, ಅದನ್ನು ಅವರು ನಾನು ಕೇಳುವ ಮೊದಲೇ ಹೇಳಿದರು. ದುಡ್ಡು ತಗೊಳ್ಳಲಿಲ್ಲ.

ಮನೆಗೆ ಬಂದು ಮತ್ತೆ ಇಟ್ಟೆ. ಈಗ ಕಾವಲಿ ತಿರುಗಿಸಿದರೆ ಎರಡು ಡಿಗ್ರಿಗಿಂತ ಜಾಸ್ತಿ ಆಡುವುದಿಲ್ಲ. ಇನ್ನೊಂದು ಸಣ್ಣ ತೊಂದರೆ, ಕಾವಲಿ ನಡುವೆ 2 ಮಿ.ಮೀ. ತಗ್ಗಿದೆ, ಸ್ಕೇಲ್ ಅಡ್ಡ ಹಿಡಿದರೆ ಬೆಳಕು ಕಾಣುತ್ತದೆ. ಎರಡೇ ಸೂಜಿಯ ಪರೀಕ್ಷೆ ಆದ್ದರಿಂದ ನಡುವಿನ ಅಂಗೈಯಗಲ ಜಾಗ ಸಾಕು, ಎತ್ತರವನ್ನು ಅಲ್ಲಿಂದಲೇ ಅಳೆದೆ.

ಕಾವಲಿ ಇಲ್ಲದೆ 102. ಇಪ್ಪತ್ತರಲ್ಲಿ 95. ಹದಿನೈದರಲ್ಲಿ 91. ಹತ್ತರಲ್ಲಿ 87. ಪ್ರತಿಯೊಂದೂ ಐದೈದು ಸಲ ಬೋರ್ಡಿಗೆ ತಟ್ಟಿ ತಟ್ಟಿ ಓದಿ ಸರಾಸರಿ, ಹೆಚ್ಚುಕಮ್ಮಿ 2 ಡಿಗ್ರಿ ಆಚೀಚೆ ಇರಬಹುದು. ತಟ್ಟಲೇಬೇಕು, ಯಾಕೆಂದರೆ ಹತ್ತು ಮಿ.ಮೀ.ನಲ್ಲಿ ಕಾವಲಿ ಮ್ಯಾಗ್ನೆಟನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 0.2 ಗ್ರಾಂ ತೂಕದಷ್ಟು, ಮ್ಯಾಗ್ನೆಟ್‌ನ ಸ್ವಂತ ತೂಕವೇ 0.26 ಗ್ರಾಂ. ಮೊಳೆ ಮೇಲಿನ ಭಾರ ಅಷ್ಟು ಏರಿದರೆ ಉಜ್ಜುವಿಕೆಯೂ ಏರುತ್ತದೆ, ಸೂಜಿ ಸೋಮಾರಿಯಾಗುತ್ತದೆ. ಅದನ್ನೆಲ್ಲ ಬಿಟ್ಟರೂ ಸೂಜಿ 90ರ ಆ ಕಡೆಯಿಂದ ಈ ಕಡೆಗೆ ಬಂದಿದ್ದು ಕಣ್ಣಿಗೇ ಕಾಣುತ್ತಿತ್ತು. ಕಾವಲಿ ಎಳೆದು ತೆಗೆದರೆ ಆ ಕಡೆ, ಒಳಗೆ ತಳ್ಳಿದರೆ ಈ ಕಡೆ. ಹತ್ತು ಸಲ ತಳ್ಳಿ ಎಳೆದು ನೋಡಿದೆ, ಅವತ್ತು ಬೇರೆ ಕೆಲಸ ಮಾಡಲಿಲ್ಲ.

ಆಮೇಲೆ ದೊಡ್ಡ ಬೋರ್ಡ್. 1, 6, 12, 18, ಒಟ್ಟು 37 ರೋಟರ್. ಇದಕ್ಕೆ ಕಾವಲಿಯ ತಗ್ಗು ಆಗಿಬರಲ್ಲ ಅಂತ ವೆಲ್ಡಿಂಗ್ ಅಂಗಡಿಯಿಂದ 16 ಗೇಜ್ ಎಂ.ಎಸ್. (ಮೆದು ಉಕ್ಕು) ಶೀಟ್ ತುಂಡು ತಂದೆ, ಅದಕ್ಕೂ ಕಾಯಿಲ್ ಸುತ್ತಿಸಿಯೇ. ಉಷ್ಣತೆ ಬದಲು ಹಳೆ ಮೊಬೈಲ್‌ನ ವೈಬ್ರೇಟರ್ ಮೋಟರ್ ಬೋರ್ಡಿಗೆ ಅಂಟಿಸಿ, ವೋಲ್ಟೇಜ್ ನಿಧಾನಕ್ಕೆ ಇಳಿಸುತ್ತಾ ಬಂದರೆ ತಣ್ಣಗಾದ ಹಾಗೆ. ನಿಜ ಹೇಳಬೇಕೆಂದರೆ ಈ ಬೋರ್ಡ್ ನೋಡೋಕೆ ಚೆಂದ, ನನ್ನ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. 37ರಲ್ಲಿ 18 ಅಂಚಿನಲ್ಲೇ ಇವೆ. ಅಂಚಿನವು ಯಾವಾಗಲೂ ಅಂಚಿನ ಉದ್ದಕ್ಕೇ ಮಲಗುತ್ತವೆ, ಹೊರಗೆ ಮುಖ ಚಾಚುವುದಿಲ್ಲ, ಆದ್ದರಿಂದ ಇಡೀ ಬೋರ್ಡ್ ಒಂದು ಸುಳಿಯಾಗುತ್ತದೆ. ಶೀಟ್ ಇಟ್ಟರೂ ಸುಳಿ ಹೋಗಲಿಲ್ಲ, ಒಳಗಿನ ಐದಾರು ಸೂಜಿ ಉಜ್ಜುವಿಕೆಗೆ ಸಿಕ್ಕಿ ಅಡ್ಡಾದಿಡ್ಡಿ ನಿಂತವು. ಪ್ರೋಗ್ರಾಮ್‌ನಲ್ಲೂ ಅಂಚು ತೆರೆದಿಟ್ಟು 37 ಹಾಕಿದರೆ ಅದೇ ಸುಳಿ. ಒಳಗಿನ ವಿಚಾರ ತಿಳಿಯಬೇಕಾದರೆ ಅಂಚೇ ಇಲ್ಲದ ಜಾಲ ಬೇಕು, ಅದು ಸನ್‌ಬೋರ್ಡಿನಲ್ಲಿ ಆಗಲ್ಲ.

ಹಾಗಾಗಿ ಪ್ರೋಗ್ರಾಮ್‌ಗೇ ವಾಪಸ್. ಈಗ ಕೋಷ್ಟಕದಲ್ಲಿ ಪ್ರತಿಬಿಂಬವೂ ಇದೆ, ಎಲ್ಲ ದೂರದ ನೆರೆಯವರೂ ಇದ್ದಾರೆ. ಪಟ್ಟೆಗೂ ಒಂದೇ ದಿಕ್ಕಿಗೂ ನಡುವಿನ ಅಂತರ ಲೋಹ ಇಲ್ಲದಾಗ ಸುಮಾರು 0.7 ಇತ್ತು, 0.3 ನ್ಯಾನೊಮೀಟರ್ ಎತ್ತರದಲ್ಲಿ ಸುಮಾರು 0.5. ಮೊದಲಿಗಿಂತ ಸ್ವಲ್ಪ ಕಡಿಮೆ, ಆದರೆ ಈಗ ಹತ್ತಿರದವನಿಂದ ದೂರದವನವರೆಗೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ, ಎಲ್ಲಿ ಕತ್ತರಿಸಿದರೂ ಉತ್ತರ ಬದಲಾಗುವುದಿಲ್ಲ. 1 ಡಿಬೈ ಲೆಕ್ಕದಲ್ಲಿ ರೈಲು ಡಬ್ಬಿ ಜೋಡಿಯ ಬಿಗಿ 14.5 ಕೆಲ್ವಿನ್‌ನಿಂದ 9ಕ್ಕೆ ಇಳಿಯಿತು.

ನಿಜವಾದ ಅಣುವಿನ ಮುಂದೆ ಇದೆಲ್ಲ ಗೊಂಬೆಯಾಟ ಅಂತ ಗೊತ್ತು. ಬಾಲಗಳು ಹತ್ತಿರ ಬಂದರೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಲೋಹ ಮುಟ್ಟಿದ ಅಣುವಿನ ಡೈಪೋಲ್ ಗಾಳಿಯಲ್ಲಿದ್ದಷ್ಟೇ ಇರುವುದಿಲ್ಲ, ಲೋಹದ ಕನ್ನಡಿ ಪರಮಾಣುಗಳ ನೆತ್ತಿಯ ಮೇಲಿದೆಯೋ ಸ್ವಲ್ಪ ಮೇಲಿದೆಯೋ ಅನ್ನೋದಕ್ಕೂ ಎತ್ತರ ಬದಲಾಗುತ್ತದೆ. ಮುಂದಿನ ವಾರ, ಲೋಹ ಅಣುವಿಗೆ ನಿಲ್ಲಲು ಕೊಡುವ ಆ ಆರು ದಿಕ್ಕಿನ ಗುಳಿಗಳನ್ನು ಲೆಕ್ಕಕ್ಕೆ ಸೇರಿಸಬೇಕು. ಆಮೇಲೆ ಚೌಕ ಜಾಲ. ಅಲ್ಲಿ ಲೋಹ ಇದ್ದರೂ ಇಲ್ಲದಿದ್ದರೂ ಪಟ್ಟೆಯೇ ಗೆಲ್ಲಬೇಕು, ಪಕ್ಕದವನು 90 ಡಿಗ್ರಿಯಲ್ಲಿ ಕೂತಿರುವುದರಿಂದ ಗೆರೆ 54.7ರಲ್ಲಿದ್ದರೂ 63.4ರಲ್ಲಿದ್ದರೂ ಅವನಿಗೆ ತಟ್ಟುವುದಿಲ್ಲ.

ಕಾವಲಿ ಅಡುಗೆಮನೆಗೆ ವಾಪಸ್ ಹೋಗಿದೆ. ರಟ್ಟು ಜಾರದಿರಲಿ ಅಂತ ನಾಲ್ಕು ಕಡೆ ಡಬಲ್ ಟೇಪ್ ಹಾಕಿದ್ದನ್ನು ಅಮ್ಮನಿಗೆ ಹೇಳಿರಲಿಲ್ಲ. ಅರ್ಧ ಈರುಳ್ಳಿ ಎಣ್ಣೆಗದ್ದಿ ಎಷ್ಟು ಉಜ್ಜಿದರೂ ದೋಸೆ ಸರಿಯಾಗಿ ಆ ನಾಲ್ಕು ಜಾಗದಲ್ಲೇ ಹಿಡಿದುಕೊಳ್ಳುತ್ತಿದೆ.